ಸುದ್ದಿಯ ಸನದು: ಕರಾವಳಿಯ ವಲಸೆ, ಕಾಗದದಿಂದ ಅಂತರ್ಜಾಲದವರೆಗೆ

ಪ್ರವಾದಿತ್ವದ ಐದನೆಯ ವರ್ಷ, ಅಂದರೆ ಸುಮಾರು ಕ್ರಿ.ಶ. 615ರಲ್ಲಿ, ಮಕ್ಕಾದ ಕಿರುಕುಳವನ್ನು ತಾಳಲಾರದೆ ಸಹಾಬಿಗಳ ಒಂದು ಚಿಕ್ಕ ತಂಡ ಕೆಂಪು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. 11 ಪುರುಷರು ಮತ್ತು 4 ಮಹಿಳೆಯರು ಎಂಬುದು ಸೀರಾ ಗ್ರಂಥಗಳಲ್ಲಿ ಪ್ರಸಿದ್ಧವಾದ ಲೆಕ್ಕ. ಅಲ್ಲಿನ ಅರಸನ ಆಳ್ವಿಕೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ ಎಂದು ಪ್ರವಾದಿ ಮುಹಮ್ಮದ್(ಸ)ರೇ ಅವರಿಗೆ ತಿಳಿಸಿದ್ದರು. ಈ ಘಟನೆಯನ್ನು ಮದ್ರಸದ ಮಕ್ಕಳು ಕೂಡ ಬಲ್ಲರು. ಆದರೆ ಅದರ ಮುಂದಿನ ಭಾಗವನ್ನು ನಾವು ಪಾಠ ಹೇಳುವಾಗ ಬೇಗ ದಾಟಿಬಿಡುತ್ತೇವೆ.

ಕೆಲವೇ ತಿಂಗಳುಗಳಲ್ಲಿ ಅಬಿಸೀನಿಯಾಕ್ಕೆ ಒಂದು ಸುದ್ದಿ ತಲುಪಿತು. ಮಕ್ಕಾದ ಕುರೈಶರೆಲ್ಲ ಇಸ್ಲಾಮ್ ಸ್ವೀಕರಿಸಿದ್ದಾರೆ, ಇನ್ನು ಭಯವಿಲ್ಲ ಎಂಬುದು ಆ ಸುದ್ದಿ. ಪರದೇಶದಲ್ಲಿದ್ದವರಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೇನಿದ್ದೀತು? ಹಲವರು ಹೊರಟೇಬಿಟ್ಟರು. ಮಕ್ಕಾ ಇನ್ನೇನು ಹತ್ತಿರ ಬಂತು ಎನ್ನುವಾಗ ಸುದ್ದಿ ಸುಳ್ಳೆಂದು ತಿಳಿಯಿತು. ಕೆಲವರು ಬಂದ ದಾರಿಯಲ್ಲೇ ಹಿಂದಿರುಗಿದರು. ಕೆಲವರು ಗುಟ್ಟಾಗಿ ಊರು ಸೇರಿದರು. ಉಸ್ಮಾನ್ ಬಿನ್ ಮಝ್‌ಊನ್(ರ)ರಂತಹವರು ಕುರೈಶರ ನಾಯಕನೊಬ್ಬನ ಅಭಯ ಪಡೆದು ಒಳಗೆ ಬರಬೇಕಾಯಿತು. ಆ ಸುದ್ದಿಯನ್ನು ಮೊದಲು ತಂದವರು ಯಾರೆಂದು ಇತಿಹಾಸ ಸ್ಪಷ್ಟವಾಗಿ ಹೇಳುವುದಿಲ್ಲ. ನಮ್ಮ ಚರಿತ್ರೆಯ ಮೊತ್ತಮೊದಲ ವಲಸೆಯಲ್ಲೇ, ಹೋಗುವ ನಿರ್ಧಾರ ಒಂದು ನಿಜವಾದ ಸುದ್ದಿಯ ಮೇಲೆಯೂ ಮರಳುವ ನಿರ್ಧಾರ ಒಂದು ಸುಳ್ಳು ಸುದ್ದಿಯ ಮೇಲೆಯೂ ನಿಂತಿತ್ತು.

ವಲಸೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಬಡತನ, ಗೇಣಿ ಹೊಲ, ತೈಲದ ಬೆಲೆ, ರೂಪಾಯಿಯ ಮೌಲ್ಯ ಮುಂತಾದವನ್ನು ಲೆಕ್ಕ ಹಾಕುತ್ತಾರೆ. ಅದು ಸರಿಯೇ. ಆದರೆ ಬಡತನವು ಒಬ್ಬನನ್ನು ಮನೆಯಿಂದ ಎಬ್ಬಿಸಬಲ್ಲುದೇ ಹೊರತು ಯಾವ ದಿಕ್ಕಿಗೆ ಹೋಗಬೇಕೆಂದು ಹೇಳಲಾರದು. ದಿಕ್ಕನ್ನು ಹೇಳುವುದು ಸುದ್ದಿ. ನಮ್ಮ ಕರಾವಳಿಯಿಂದ ಹೊರಗೆ ಹೋದವರ ಚರಿತ್ರೆಯನ್ನು ಸುದ್ದಿಯ ಚರಿತ್ರೆಯಾಗಿ ಓದಿದರೆ, ಇಂದು ಮೊಬೈಲ್ ಫೋನನ್ನು ಕೈಯಲ್ಲಿ ಹಿಡಿದು ಪಾಸ್‌ಪೋರ್ಟ್ ಮಾಡಿಸಲು ಓಡುವ ಹುಡುಗನ ಸ್ಥಿತಿ ಸ್ವಲ್ಪ ಹೆಚ್ಚು ಅರ್ಥವಾದೀತು ಎಂದು ನಮಗೆ ತೋರುತ್ತದೆ.

ಈ ಚರಿತ್ರೆ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಇಂದಿನ ಟ್ಯುನೀಶಿಯಾದಿಂದ ಹೊರಟು, ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ನೆಲೆಸಿದ್ದನು. 1132ರ ವೇಳೆಗೆ ಆತ ಇಲ್ಲಿದ್ದನು. 1149ರಲ್ಲಿ ಏಡನ್‌ಗೆ ಮರಳಿದನು. ಏಡನ್ನಿನ ವರ್ತಕರು ಅವನಿಗೆ ಅರಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದು ಕಳುಹಿಸಿದ ಪತ್ರಗಳು ಕೈರೋದ ಹಳೆಯ ಆರಾಧನಾಲಯವೊಂದರ ಕೋಣೆಯಲ್ಲಿ ಉಳಿದುಕೊಂಡು ವಿದ್ವಾಂಸರ ಕೈ ಸೇರಿವೆ. ಕರಿಮೆಣಸಿನ ದರ, ಅಡಿಕೆ, ಕಬ್ಬಿಣ, ಮುಳುಗಿದ ಹಡಗು, ಬಂಧುಗಳ ಯೋಗಕ್ಷೇಮ ಎಲ್ಲವೂ ಅದರಲ್ಲಿವೆ. ಬರೆಯುವ ಕಾಗದ ಕೂಡ ಇಲ್ಲಿ ದುರ್ಲಭವಾಗಿದ್ದುದರಿಂದ ಏಡನ್ನಿನ ಗೆಳೆಯರು ಅದನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಒಂದು ಪತ್ರ ತಲುಪಲು ಮಾನ್ಸೂನ್ ಗಾಳಿ ತಿರುಗುವುದನ್ನು ಕಾಯಬೇಕಿತ್ತು. ಆದರೆ ತಲುಪಿದ ಪತ್ರದ ಕೆಳಗೆ ಬರೆದವನ ಹೆಸರಿತ್ತು. ಆ ಹೆಸರಿನ ಹಿಂದೆ ವರ್ಷಗಳ ವ್ಯವಹಾರವಿತ್ತು.

ಸುಮಾರು 200 ವರ್ಷಗಳ ಬಳಿಕ ಇದೇ ತೀರಕ್ಕೆ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರನ್ನೂ ಪರ್ಷಿಯಾ ಮತ್ತು ಯಮನ್‌ನ ವ್ಯಾಪಾರಿಗಳನ್ನೂ ಕಂಡುದಾಗಿ ದಾಖಲಿಸಿದ್ದಾನೆ. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದೂ ಬರೆದಿದ್ದಾನೆ. (ಹೆಣ್ಣುಮಕ್ಕಳ ಶಿಕ್ಷಣಕ್ಕೆ ಇಂದಿಗೂ ತಕರಾರು ತೆಗೆಯುವವರು ಈ ಲೆಕ್ಕವನ್ನು ಒಮ್ಮೆ ಓದಬೇಕು.) ಕಡಲಾಚೆಯ ಸುದ್ದಿ ಈ ಊರುಗಳಿಗೆ ಹೊಸದೇನಲ್ಲ ಎಂದು ತೋರಿಸಲು ಇಷ್ಟು ಸಾಕು.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಗಲ್ಫ್ ಎಂಬ ಶಬ್ದ ನಮ್ಮ ಮನೆಗಳಿಗೆ ಬರುವ ಮೊದಲು ಬೊಂಬಾಯಿ ಬಂದಿತ್ತು. ಭಟ್ಕಳದ ನವಾಯತರು ಮದ್ರಾಸು, ಕಲ್ಕತ್ತಾಗಳಲ್ಲಿ ವ್ಯಾಪಾರ ನಡೆಸಿದರು. ಬ್ಯಾರಿಗಳು ಬೊಂಬಾಯಿಯ ಬಂದರಿನಲ್ಲಿ, ಹೋಟೆಲುಗಳಲ್ಲಿ, ಕೊಲಂಬೊದಲ್ಲಿ ದುಡಿದರು. ಒಬ್ಬ ಹೋಗಿ ನೆಲೆಯಾದ ಮೇಲೆ ತಮ್ಮನನ್ನು ಕರೆಸಿಕೊಳ್ಳುತ್ತಿದ್ದ, ತಮ್ಮ ಭಾವನನ್ನು ಕರೆಸಿಕೊಳ್ಳುತ್ತಿದ್ದ. ಒಂದೇ ಕೋಣೆಯಲ್ಲಿ ಒಂದೇ ಊರಿನ ಹತ್ತು ಹದಿನೈದು ಮಂದಿ ಇರುತ್ತಿದ್ದರು. 1938ರಲ್ಲಿ ಕುವೈತ್‌ನಲ್ಲಿ ತೈಲ ಸಿಕ್ಕಿತು, 1966ರಲ್ಲಿ ದುಬೈಯಲ್ಲಿ ಸಿಕ್ಕಿತು. 1973ರಲ್ಲಿ ತೈಲದ ಬೆಲೆ ನಾಲ್ಕು ಪಟ್ಟು ಏರಿದಾಗ ಬೊಂಬಾಯಿಯ ಕೋಣೆಗಳಲ್ಲಿದ್ದವರಿಗೇ ಅದರ ಸುದ್ದಿ ಮೊದಲು ಸಿಕ್ಕಿತು. ಅದಕ್ಕೂ ಮೊದಲು, ಅರವತ್ತರ ದಶಕದಲ್ಲಿ, ಯಾವ ಕಾಗದಪತ್ರವೂ ಇಲ್ಲದೆ ಬೊಂಬಾಯಿಯಿಂದ, ಕೇರಳದ ತೀರದಿಂದ ಪತ್ತೆಮಾರಿಗಳಲ್ಲಿ ಹೋದವರಿದ್ದರು. ಖೋರ್ ಫಕ್ಕಾನ್‌ನ ಗುಡ್ಡ ಕಂಡೊಡನೆ ನೀರಿಗೆ ಇಳಿಸಿಬಿಡುತ್ತಿದ್ದರು, ಈಜಿ ದಡ ಸೇರಬೇಕಿತ್ತು. ಎಲ್ಲರೂ ಸೇರಲಿಲ್ಲ. ಆ ಕಾಲದಲ್ಲಿ ಗಲ್ಫಿನ ಹಲವು ನಾಡುಗಳಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಮುದ್ರಿಸಿದ ವಿಶೇಷ ರೂಪಾಯಿಯೇ ಚಲಾವಣೆಯಲ್ಲಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ.

ನಾವು ಬಾಲ್ಯದಲ್ಲಿ ಕಂಡದ್ದು ಕಾಗದದ ಕಾಲ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಓಣಿಯಲ್ಲಿ ಓದಲು ಬರೆಯಲು ಬಲ್ಲ ಹುಡುಗರಿಗೆ ಒಂದು ಹೆಚ್ಚಿನ ಕೆಲಸವಿರುತ್ತಿತ್ತು. ಅಸರ್ ನಮಾಝಿನ ಬಳಿಕ ಯಾವುದಾದರೂ ಮನೆಯಿಂದ ಕರೆ ಬರುತ್ತಿತ್ತು. ನೀಲಿ ಕೆಂಪು ಅಂಚಿನ ಲಕೋಟೆಯನ್ನು ಒಡೆದು, ಉಮ್ಮನವರು ಒಲೆಯ ಬಳಿ ಕುಳಿತಿರುವಾಗ, ದುಬೈಯಿಂದಲೋ ದಮ್ಮಾಮ್‌ನಿಂದಲೋ ಬಂದ ಪತ್ರವನ್ನು ನಾವು ಗಟ್ಟಿಯಾಗಿ ಓದಬೇಕಿತ್ತು. ಬ್ಯಾರಿ ಭಾಷೆಯ ಮಾತು, ಕನ್ನಡದ ಅಕ್ಷರ. ಮೊದಲು ಸಲಾಮ್, ಬಳಿಕ ಮನೆಯವರೆಲ್ಲರ ಹೆಸರು ಹಿಡಿದು ಕ್ಷೇಮ ಸಮಾಚಾರ, ಆಮೇಲೆ ಡ್ರಾಫ್ಟಿನ ಮೊತ್ತ, ಕೊನೆಗೆ ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿ. ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ ಕಾಗದವಾದರೆ ಜೊತೆಗೆ ಕ್ಯಾಸೆಟ್ಟೂ ಇರುತ್ತಿತ್ತು. ಅದರಲ್ಲಿ ಮಾತನಾಡಿದವನ ಸ್ವರ ಕೇಳಿ ಅಳುತ್ತಿದ್ದ ತಾಯಂದಿರನ್ನು ನಾವು ಕಂಡಿದ್ದೇವೆ.

ಆ ಕಾಗದಗಳು ಎಲ್ಲವನ್ನೂ ಹೇಳುತ್ತಿದ್ದವು ಎಂದು ಈಗ ಹಳೆಯ ಕಾಲವನ್ನು ಹೊಗಳಲು ಹೊರಟರೆ ಅದು ಸುಳ್ಳಾದೀತು. ನಾವು ಓದಿದ ನೂರಾರು ಪತ್ರಗಳಲ್ಲಿ ಒಂದರಲ್ಲೂ ಒಬ್ಬನು ತಾನು ಎಂಟು ಮಂದಿಯೊಡನೆ ಒಂದು ಕೋಣೆಯಲ್ಲಿ ಮಲಗುತ್ತೇನೆಂದು ಬರೆದುದನ್ನು ಕಾಣಲಿಲ್ಲ. ಕಫೀಲನು ಪಾಸ್‌ಪೋರ್ಟನ್ನು ಇಟ್ಟುಕೊಂಡಿದ್ದಾನೆ, ನಾಲ್ಕು ತಿಂಗಳ ಸಂಬಳ ಬಾಕಿ ಇದೆ ಎಂದು ಬರೆಯಲಿಲ್ಲ. ಇಲ್ಲಿಂದ ನಾವು ಬರೆದ ಉತ್ತರಗಳಲ್ಲೂ ಅಷ್ಟೇ. ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದನ್ನು ಗುಣವಾದ ಮೇಲೆಯೇ ಬರೆಯಿಸುತ್ತಿದ್ದರು. ಎರಡೂ ಕಡೆಯವರು ಪ್ರೀತಿಯಿಂದಲೇ ಸತ್ಯವನ್ನು ಮರೆಮಾಚುತ್ತಿದ್ದರು. ರಜೆಯಲ್ಲಿ ಬಂದವನು ಅತ್ತರು ಪೂಸಿ, ಟೇಪ್‌ರೆಕಾರ್ಡರ್ ಹಿಡಿದು ಮಸೀದಿಯ ಮುಂದೆ ನಿಂತರೆ ಅದನ್ನು ಕಂಡ ಹದಿನೆಂಟರ ಹುಡುಗರು ಶಾಲೆಯನ್ನು ಬಿಟ್ಟರು. ನಮ್ಮ ತರಗತಿಯ ಹುಡುಗರಲ್ಲಿ ಎಷ್ಟು ಮಂದಿ ಎಸ್ಸೆಸ್ಸೆಲ್ಸಿ ಮುಗಿಸದೆ ಹೊರಟರೆಂದು ಬೆರಳು ಮಡಚಿ ಎಣಿಸಲು ಹೋದರೆ ಎರಡೂ ಕೈಗಳು ಸಾಲವು. ಅತ್ತರಿನ ಪರಿಮಳ ಕೂಡ ಒಂದು ಅರ್ಧ ಸತ್ಯದ ಸುದ್ದಿಯಾಗಿತ್ತು.

ಆದರೂ ಒಂದು ವ್ಯತ್ಯಾಸವಿತ್ತು. ಸುದ್ದಿ ಅರ್ಧ ಸತ್ಯವಾಗಿದ್ದರೂ ಅದನ್ನು ತಂದವನು ಗೊತ್ತಿದ್ದವನು. ಅವನ ಮನೆ ಗೊತ್ತು, ಅವನ ತಂದೆಯನ್ನು ಜಮಾಅತಿನಲ್ಲಿ ಕೇಳಬಹುದು. ಬೊಂಬಾಯಿಯ ಏಜೆಂಟನು ಹಣ ನುಂಗಿ ಮಾಯವಾದರೆ ಅವನಲ್ಲಿಗೆ ಕರೆದೊಯ್ದವನನ್ನಾದರೂ ಶುಕ್ರವಾರ ಜುಮಾ ಬಳಿಕ ಹಿಡಿದು ನಿಲ್ಲಿಸಬಹುದಿತ್ತು. ಹಾಗೆ ನಿಲ್ಲಿಸಿದ ಪಂಚಾಯಿತಿಕೆಗಳು ನಮ್ಮ ಊರಿನಲ್ಲಿ ನಡೆದಿವೆ. ಹಣವೆಲ್ಲ ಮರಳಿತೆಂದಲ್ಲ. ಕೇಳಲು ಒಂದು ಮುಖವಿತ್ತು.

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ನ ಮೇಲೆ ಆಕ್ರಮಣ ಮಾಡಿದಾಗ ಕಾಗದ ನಿಂತಿತು, ಫೋನೂ ನಿಂತಿತು. ವಾರಗಳ ಕಾಲ ಮನೆಗಳಲ್ಲಿ ರೇಡಿಯೊ ಒಂದೇ ಆಧಾರ. ಮರುಭೂಮಿಯನ್ನು ದಾಟಿ ಜೋರ್ಡಾನ್‌ನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಸುಮಾರು ಎರಡು ತಿಂಗಳುಗಳಲ್ಲಿ 488 ಹಾರಾಟಗಳಲ್ಲಿ ಮುಂಬಯಿಗೆ ಕರೆತಂದಿತು. ಮರಳಿದವರು 1,70,000ದಷ್ಟು ಮಂದಿ. ಒಬ್ಬರು ಬಂದರೆ ಅವರ ಮನೆಯ ಮುಂದೆ ಊರೇ ನೆರೆಯುತ್ತಿತ್ತು. ನಮ್ಮವನನ್ನು ಕಂಡಿರಾ, ಎಲ್ಲಿ ಕಂಡಿರಿ, ಯಾವ ದಿನ ಕಂಡಿರಿ ಎಂದು ಕೇಳುತ್ತಿದ್ದರು. ನಾವು ಮುಂದೆ ಹದೀಸ್ ಶಾಸ್ತ್ರವನ್ನು ಓದುವಾಗ ರಾವಿಗಳನ್ನು ವಿಚಾರಿಸುವ ವಿಧಾನ ನಮಗೆ ಹೊಸದೆನಿಸಲಿಲ್ಲ. ಅದನ್ನು ಆ ಆಗಸ್ಟ್ ತಿಂಗಳಿನಲ್ಲಿ ಅಕ್ಷರ ಬಾರದ ತಾಯಂದಿರ ಬಾಯಲ್ಲೇ ಕೇಳಿದ್ದೆವು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ನಮ್ಮ ಪೇಟೆಗೆ ಸೈಬರ್ ಕೆಫೆ ಬರುವಾಗ ಇನ್ನೂ ಕೆಲವು ವರ್ಷ ಕಳೆದಿತ್ತು. ಮೊದಮೊದಲು ಅದು ಕಾಗದದ ಕೆಲಸವನ್ನೇ ಬೇಗ ಮಾಡಿಕೊಡುವ ಯಂತ್ರವಾಗಿತ್ತು: ಬಯೋಡಾಟಾ ಕಳುಹಿಸುವುದು, ವೀಸಾದ ಪ್ರತಿಯನ್ನು ಮುದ್ರಿಸುವುದು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಪರಿಸ್ಥಿತಿ ಬುಡಮೇಲಾಯಿತು. ಗಲ್ಫ್ ಈಗ ಹಾಸಿಗೆಯಲ್ಲಿ ಮಲಗಿದ ಹುಡುಗನ ಎದೆಯ ಮೇಲಿದೆ. ಒಮ್ಮೆ ದುಬೈಯ ಒಂದು ವಿಡಿಯೊ ನೋಡಿದರೆ ಮರುದಿನ ಹತ್ತು, ವಾರದೊಳಗೆ ಅವನ ಫೋನಿನಲ್ಲಿ ಬೇರೇನೂ ಕಾಣದು. ಅವನು ಹುಡುಕದೆಯೇ ಅದು ಅವನನ್ನು ಹುಡುಕಿಕೊಂಡು ಬರುತ್ತದೆ. ಹಿಂದೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ ಅತ್ತರಿನವನು ಈಗ ದಿನಕ್ಕೆ ಇನ್ನೂರು ಸಲ ಬಾಗಿಲು ತಟ್ಟುತ್ತಾನೆ.

ಗುರಿಯೂ ಹೆಚ್ಚಿತು. ಗಲ್ಫ್ ಒಂದೇ ಅಲ್ಲ. ಕೆನಡಾ, ಬ್ರಿಟನ್, ಜರ್ಮನಿ, ಐರ್ಲೆಂಡ್ ಎಲ್ಲವೂ ಫೋನಿನೊಳಗೆ ನೆರೆಯೂರುಗಳಾದವು. ಇಲ್ಲಿ ಒಂದು ವಿಚಿತ್ರವನ್ನು ನಾವು ಗಮನಿಸಿದ್ದೇವೆ. ಕಾಗದಕ್ಕೆ ತಾರೀಕು ಇರುತ್ತಿತ್ತು, ಮೂರು ವರ್ಷ ಹಳೆಯ ಕಾಗದವನ್ನು ಯಾರೂ ಇಂದಿನ ಸುದ್ದಿಯೆಂದು ಓದುತ್ತಿರಲಿಲ್ಲ. ವಿಡಿಯೊಗೆ ತಾರೀಕು ಇದ್ದರೂ ಅದನ್ನು ನೋಡುವವರಿಲ್ಲ. ಬ್ರಿಟನ್ 2024ರ ಜನವರಿಯಿಂದ ಹೆಚ್ಚಿನ ವಿದೇಶಿ ವಿದ್ಯಾರ್ಥಿಗಳು ಕುಟುಂಬವನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಅದೇ ತಿಂಗಳು ಕೆನಡಾ ವಿದ್ಯಾರ್ಥಿ ಪರವಾನಿಗೆಗಳಿಗೆ ಮಿತಿ ಹಾಕಿತು. ಪತ್ನಿಯೊಂದಿಗೆ ಹೋಗಿ ನೆಲೆಸುವುದು ಹೇಗೆಂದು ಅದಕ್ಕೂ ಮೊದಲು ಮಾಡಿದ ವಿಡಿಯೊಗಳು ಇಂದಿಗೂ ಓಡುತ್ತಿವೆ. ಅವುಗಳನ್ನು ನೋಡಿ ಮನೆಯಲ್ಲಿ ಚಿನ್ನ ಅಡವಿಡುವ ಮಾತಾಡಿದ ಯುವ ದಂಪತಿಗಳು ನಮ್ಮ ಬಳಿಗೆ ದುಆಗಾಗಿ ಬಂದಿದ್ದರು. ಸೌದಿಯಲ್ಲೂ 2011ರಲ್ಲಿ ನಿತಾಖಾತ್, 2017ರಲ್ಲಿ ಕುಟುಂಬದ ಪ್ರತಿ ಸದಸ್ಯನ ಮೇಲೆ ಮಾಸಿಕ ಶುಲ್ಕ ಬಂದಾಗ ಎಷ್ಟು ಸಂಸಾರಗಳು ಗಂಟುಮೂಟೆ ಕಟ್ಟಿ ಮರಳಿದವೆಂದು ಹಿರಿಯರು ಬಲ್ಲರು. ಆ ಕಥೆಯನ್ನು ಹೇಳುವ ವಿಡಿಯೊಗಳಿಗೆ ನೋಡುಗರಿಲ್ಲ.

ಹದೀಸ್ ವಿದ್ವಾಂಸರು ಒಂದು ವರದಿಯನ್ನು ಎರಡು ಭಾಗವಾಗಿ ನೋಡುತ್ತಾರೆ. ಹೇಳಿದ ಮಾತು ಮತ್ನ್. ಅದು ಯಾರಿಂದ ಯಾರಿಗೆ ಬಂತೆಂಬ ಕೊಂಡಿ ಸನದು. ಆರಂಭದಲ್ಲಿ ಜನರು ಸನದನ್ನು ಅಷ್ಟಾಗಿ ಕೇಳುತ್ತಿರಲಿಲ್ಲ, ಸಮುದಾಯದೊಳಗೆ ಫಿತ್ನ ಉಂಟಾದ ಮೇಲೆ ಕೇಳತೊಡಗಿದರು. ಮಾತು ಎಷ್ಟೇ ಸುಂದರವಾಗಿದ್ದರೂ ಕೊಂಡಿಯಲ್ಲಿ ಗುರುತಿಲ್ಲದ ಒಬ್ಬನಿದ್ದರೆ ಅವನನ್ನು ಮಜ್‌ಹೂಲ್ ಎಂದು ಕರೆದು ವರದಿಯನ್ನು ಬದಿಗಿಟ್ಟರು. ಅಂತರ್ಜಾಲದ ಸುದ್ದಿಯ ಸ್ವರೂಪ ಇದಕ್ಕೆ ತಿರುಗುಮುರುಗಾಗಿದೆ. ಮತ್ನ್ ಕಣ್ಣು ಕುಕ್ಕುವಷ್ಟು ಸ್ಪಷ್ಟವಾಗಿರುತ್ತದೆ, ಚಿತ್ರವಿರುತ್ತದೆ, ಸಂಗೀತವಿರುತ್ತದೆ. ಸನದು ಇರುವುದಿಲ್ಲ.

ಇದು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. 2024ರ ಆರಂಭದಲ್ಲಿ ಕಲಬುರಗಿ ಜಿಲ್ಲೆಯ ಕೆಲವು ಯುವಕರು ರಷ್ಯಾದ ಯುದ್ಧಭೂಮಿಯಲ್ಲಿ ಸಿಲುಕಿರುವ ಸುದ್ದಿ ಬಂತು. ಸಹಾಯಕರ, ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ಹೋದವರನ್ನು ಸೈನ್ಯಕ್ಕೆ ಸೇರಿಸಿ ಉಕ್ರೇನ್ ಗಡಿಗೆ ಕಳುಹಿಸಲಾಗಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿದಾಗ, ಯೂಟ್ಯೂಬ್‌ನಂತಹ ಜಾಲತಾಣಗಳ ಮೂಲಕವೂ ಸ್ಥಳೀಯ ಏಜೆಂಟರ ಮೂಲಕವೂ ಯುವಕರನ್ನು ಸೆಳೆಯಲಾಗಿತ್ತೆಂದು ತಿಳಿಸಿತು. ಜುಲೈಯಲ್ಲಿ ಪ್ರಧಾನಿಯ ಮಾಸ್ಕೋ ಭೇಟಿಯ ವೇಳೆ ವಿಷಯ ಪ್ರಸ್ತಾಪವಾಯಿತು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಯುವಕರು ಮನೆ ಸೇರಿದರು. ದೇಶದ ಬೇರೆ ಕಡೆಗಳಿಂದ ಹೋದ ಕೆಲವರು ಮರಳಲಿಲ್ಲ, ಅವರ ಶವಪೆಟ್ಟಿಗೆಗಳು ಬಂದವು.

ಆಗ್ನೇಯ ಏಶ್ಯಾದ ಕಥೆಯೂ ಇಂತಹದೇ. 2022ರ ಸೆಪ್ಟೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಕೆ ನೀಡಿತ್ತು: ಥಾಯ್ಲೆಂಡಿನಲ್ಲಿ ಐಟಿ ಕೆಲಸವೆಂದು ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ನೀಡಿ, ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ಯಲಾಗುತ್ತಿದೆ ಎಂದು. ಅಲ್ಲಿ ಅವರಿಂದ ಮಾಡಿಸುವ ಕೆಲಸವೇನು? ಫೋನಿನ ಮೂಲಕ ಇತರರನ್ನು ವಂಚಿಸುವುದು. ಸುಳ್ಳು ಸುದ್ದಿಗೆ ಬಲಿಯಾದವನನ್ನೇ ಸುಳ್ಳು ಸುದ್ದಿಯ ರಾವಿಯಾಗಿ ಕೂರಿಸುವ ಕಾರ್ಖಾನೆ ಅದು. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಎರಡು ದಿನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾಯಿತು.

ಇಂತಹ ಸುದ್ದಿ ಬಂದಾಗ ಸಮುದಾಯದಲ್ಲಿ ಒಂದು ಮಾತು ಕೇಳಿಬರುತ್ತದೆ: ನಮ್ಮವರನ್ನು ಮಾತ್ರ ನಂಬಬೇಕು ಎಂದು. ಇದನ್ನು ನಾವು ಒಪ್ಪುವುದಿಲ್ಲ. ಹೀಗೆ ಸೆಳೆಯುವವನು ಹಲವು ಸಲ ನಮ್ಮವನಂತೆಯೇ ಮಾತನಾಡುತ್ತಾನೆ, ಸಲಾಮ್ ಹೇಳಿಯೇ ಆರಂಭಿಸುತ್ತಾನೆ. ಮದೀನಾಕ್ಕೆ ಹಿಜ್ರಾ ಹೊರಟಾಗ ಪ್ರವಾದಿ(ಸ) ಮತ್ತು ಅಬೂಬಕರ್(ರ)ರು ದಾರಿ ತೋರಿಸಲು ಗೊತ್ತುಮಾಡಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಖಿತ್ ಎಂಬವನನ್ನು. ಆತ ಆಗ ಮುಸ್ಲಿಮನಾಗಿರಲಿಲ್ಲ. ಆತ ದಾರಿ ಬಲ್ಲವನು, ಮಾತಿಗೆ ತಪ್ಪದವನು. ಕುರೈಶರು 100 ಒಂಟೆಗಳ ಬಹುಮಾನ ಸಾರಿದ್ದಾಗಲೂ ಆತ ಗುಟ್ಟು ಬಿಡಲಿಲ್ಲ. ಅವನ ವಿಷಯದಲ್ಲಿ ನೋಡಿದ್ದು ಅವನ ಅರಿವನ್ನು ಮತ್ತು ಅಮಾನತನ್ನು.

ಈ ವಿಷಯದಲ್ಲಿ ನಾವೇ ಎಡವಿದ್ದೇವೆ. ಎರಡು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಇಶಾ ನಮಾಝಿನ ಬಳಿಕ ಬಂದ. ಪಿಯುಸಿ ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 80,000 ರೂಪಾಯಿ, ಊಟ ವಸತಿ ಅವರದೇ ಎಂಬ ಸಂದೇಶವನ್ನು ಟೆಲಿಗ್ರಾಮ್‌ನಲ್ಲಿ ತೋರಿಸಿದ. ಮೇಲ್ಭಾಗದಲ್ಲಿ ಸಲಾಮ್ ಇತ್ತು, ಕೊನೆಗೆ ಇನ್‌ಶಾ ಅಲ್ಲಾಹ್ ಎಂದಿತ್ತು. ನಾವು ಕನ್ನಡಕ ಏರಿಸಿ ಓದಿ, ಒಳ್ಳೆಯದಾಗಲಿ, ಇಸ್ತಿಖಾರ ನಮಾಝ್ ಮಾಡು ಎಂದು ಹೇಳಿ ಕಳುಹಿಸಿಬಿಡುವವರಿದ್ದೆವು. ಸನದಿನ ಪಾಠ ಹೇಳುವ ನಾವು ಸಂದೇಶದ ಸಲಾಮನ್ನು ಕಂಡು ಸುಮ್ಮನಾದೆವು.

ಪಕ್ಕದಲ್ಲಿ ಕುಳಿತಿದ್ದವರು ದಮ್ಮಾಮ್‌ನಲ್ಲಿ 14 ವರ್ಷ ಟ್ರೇಲರ್ ಓಡಿಸಿ ಮರಳಿದ ಚಾಲಕರೊಬ್ಬರು. ಐದನೆಯ ತರಗತಿಯವರೆಗೆ ಓದಿದವರು. ಅವರು ಕೇಳಿದರು:

"ಮೋನೇ, ಇದನ್ನು ಯಾರು ಕಳುಹಿಸಿದ್ದು?"

"ಗ್ರೂಪಿನಲ್ಲಿ ಬಂತು ಕಾಕಾ."

"ಗ್ರೂಪಿಗೆ ಯಾರು ಹಾಕಿದ್ದು?"

"ಅಡ್ಮಿನ್."

"ಅವನ ಹೆಸರೇನು, ಯಾವ ಊರು? ಆ ಕಂಪನಿಯ ಅನ್ನ ಉಂಡವನು ಯಾರಾದರೂ ನಿನಗೆ ಗೊತ್ತಾ? ಕೆಲಸಕ್ಕೆ ಕರೆಯುವವರು ಟೂರಿಸ್ಟ್ ವೀಸಾ ಯಾಕೆ ಕೊಡುತ್ತಾರೆ?"

ಹುಡುಗನಿಗೆ ಸಿಟ್ಟು ಬಂತು. "ಗ್ರೂಪಿನಲ್ಲಿ ಎರಡು ಸಾವಿರ ಜನ ಇದ್ದಾರೆ. ಅಷ್ಟು ಜನರಿಗೆ ಬುದ್ಧಿಯಿಲ್ಲವೇ ಉಸ್ತಾದ್?" ಎಂದು ನಮ್ಮ ಕಡೆಗೆ ತಿರುಗಿದ.

ಆ ಪ್ರಶ್ನೆಗೆ ಉತ್ತರ ನಮ್ಮ ಶಾಸ್ತ್ರದಲ್ಲೇ ಇತ್ತು. ಬಹುಸಂಖ್ಯೆಯ ಜನರು ಹೇಳಿದ ವರದಿಯನ್ನು ಮುತವಾತಿರ್ ಎನ್ನುತ್ತೇವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಬಹುಸಂಖ್ಯೆ ಕಂಡವರದಾಗಿರಬೇಕು. ಆ ಎರಡು ಸಾವಿರ ಮಂದಿಯಲ್ಲಿ ಕಂಡವನು ಒಬ್ಬನೂ ಇರಲಿಲ್ಲ. ಎಲ್ಲರೂ ಇವನಂತೆಯೇ ಕೇಳುಗರು. ಕೇಳುಗರ ಗುಂಪನ್ನು ಸಾಕ್ಷಿಗಳ ಗುಂಪೆಂದು ಎಣಿಸಿಬಿಡುವ ಈ ತಪ್ಪು ಹುಡುಗರದು ಮಾತ್ರವಲ್ಲ. ಲಕ್ಷ ಜನ ನೋಡಿದ್ದಾರೆಂದು ವಿಡಿಯೊ ಹಂಚುವ ಹಿರಿಯರೂ ಅದನ್ನೇ ಮಾಡುತ್ತಾರೆ.

ಅವನು ಆಗಲೇ 15,000 ರೂಪಾಯಿ ಕಟ್ಟಿದ್ದ. ಅದು ಹೋಯಿತು. ಅವನು ಹೋಗಲಿಲ್ಲ. ಮೂರು ವಾರ ನಮ್ಮೊಡನೆ ಮಾತನ್ನೂ ಆಡಲಿಲ್ಲ. ಆ ಗುಂಪು ಒಂದು ದಿನ ಫೋನಿನಿಂದಲೇ ಮಾಯವಾಯಿತಂತೆ. ಅದರಿಂದ ಎಷ್ಟು ಮಂದಿ ವಿಮಾನ ಹತ್ತಿದರೋ ಅಲ್ಲಾಹನೇ ಬಲ್ಲ.

ಅಂತರ್ಜಾಲವನ್ನು ದೂರುವುದಕ್ಕೆಂದು ಇದನ್ನು ಬರೆಯುತ್ತಿಲ್ಲ. ಅದೇ ಫೋನಿನಲ್ಲಿ ಸನದನ್ನು ಹುಡುಕುವ ದಾರಿಯೂ ಇದೆ, ಅದು ನಮ್ಮ ತಂದೆಯವರ ಕಾಲಕ್ಕೆ ಇರಲಿಲ್ಲ. 1983ರ ವಲಸೆ ಕಾಯಿದೆಯ ಪ್ರಕಾರ ಹೊರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ಎಂಬ ಸರಕಾರಿ ತಾಣದಲ್ಲಿ ಏಜೆಂಟನ ಹೆಸರು ಇದೆಯೇ ಎಂದು ಯಾರೂ ಹುಡುಕಿ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೂ ಮಿತಿಯಿದೆ: 30,000 ರೂಪಾಯಿ, ಅದರ ಮೇಲೆ ತೆರಿಗೆ. ಹತ್ತನೆಯ ತರಗತಿ ಪಾಸಾಗದವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಲೇಬೇಕು. ಅದು ಬೇಡ, ವಿಸಿಟ್ ವೀಸಾದಲ್ಲಿ ಹೋಗು ಎನ್ನುವವನು ಆ ರಕ್ಷಣೆಯನ್ನೇ ತಪ್ಪಿಸುತ್ತಿದ್ದಾನೆ. 2020ರಲ್ಲಿ ಕೋವಿಡ್ ಬಂದಾಗ ದುಬೈಯಿಂದ ಮಂಗಳೂರಿಗೆ ಬರುವ ವಿಮಾನಕ್ಕೆ ಗರ್ಭಿಣಿಯರು, ಕೆಲಸ ಕಳೆದುಕೊಂಡವರು ಹೆಸರು ನೋಂದಾಯಿಸಿದ್ದು ಅಂತರ್ಜಾಲದಲ್ಲೇ. 1990ರ ತಾಯಂದಿರಂತೆ ಅವರ ಮನೆಯವರು ರೇಡಿಯೊದ ಮುಂದೆ ಕುಳಿತು ಕಾಯಬೇಕಾಗಲಿಲ್ಲ.

ವಿಡಿಯೊ ಕರೆ ಬಂದ ಮೇಲೆ ಪತ್ನಿಯರು ಗಂಡಂದಿರ ಕೋಣೆಯನ್ನು ಕಾಣುವಂತಾಯಿತು. ಯುಎಇಯಲ್ಲಿ ವಾಟ್ಸಾಪ್ ಕರೆಗೆ ಅವಕಾಶವಿಲ್ಲದ್ದರಿಂದ ಬೋಟಿಮ್ ಹಾಕಿಕೊಳ್ಳುತ್ತಾರೆ. ಆದರೆ ಚಾಲಕರು ನಗುತ್ತಾ ಹೇಳುವಂತೆ, ಎಂಟು ಮಂದಿಯ ಕೋಣೆಯಲ್ಲೂ ಚೆಂದದ ಗೋಡೆ ಒಂದಿರುತ್ತದೆ, ಎಲ್ಲರೂ ಸರದಿಯಲ್ಲಿ ಅದೇ ಗೋಡೆಯ ಮುಂದೆ ಕುಳಿತು ಮನೆಗೆ ಕರೆ ಮಾಡುತ್ತಾರೆ. ನೀಲಿ ಕೆಂಪು ಅಂಚಿನ ಲಕೋಟೆ ಅಲ್ಲಿಯೂ ಇದೆ.

ಆ ರಾತ್ರಿಯ ಬಳಿಕ ನಮ್ಮ ಮಸೀದಿಯಲ್ಲಿ ಒಂದು ರೂಢಿ ಬೆಳೆದಿದೆ. ಹೊರದೇಶದಿಂದ ಮರಳಿದವರು ಗುರುವಾರ ಇಶಾ ಬಳಿಕ ಸ್ವಲ್ಪ ಹೊತ್ತು ಕುಳಿತಿರುತ್ತಾರೆ. ಹೋಗಲಿರುವವರು ತಮಗೆ ಬಂದ ಸಂದೇಶವನ್ನು ಅವರಿಗೆ ತೋರಿಸುತ್ತಾರೆ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ. ಬರುವವರು ಕಡಿಮೆ. ನಮ್ಮ ಆ ವಿದ್ಯಾರ್ಥಿ ಈಗ ಬೆಂಗಳೂರಿನ ಒಂದು ಅಂಗಡಿಯಲ್ಲಿದ್ದಾನೆ, ಹೊರಗೆ ಹೋಗುವ ಆಸೆಯನ್ನು ಬಿಟ್ಟಿಲ್ಲ, ಬಿಡಬೇಕೆಂದು ನಾವೂ ಹೇಳಿಲ್ಲ. ಆಗಾಗ ಲಿಂಕುಗಳನ್ನು ಕಳುಹಿಸಿ "ನೋಡಿ ಉಸ್ತಾದ್" ಎನ್ನುತ್ತಾನೆ. ಕಳೆದ ತಿಂಗಳು ಕತಾರ್‌ನ ಒಂದು ಗೋದಾಮಿನ ಕೆಲಸದ ವಿವರ ಕಳುಹಿಸಿದ್ದ. ಏಜೆಂಟನ ಹೆಸರು ಸರಕಾರದ ಪಟ್ಟಿಯಲ್ಲಿತ್ತು. ಆದರೂ ಚಾಲಕರು ಅವನಿಗೆ, ಅಲ್ಲಿ ಕೆಲಸ ಮಾಡಿದವನೊಬ್ಬನನ್ನು ಹುಡುಕಿ ಮಾತಾಡು ಎಂದಿದ್ದಾರೆ. ಉಪ್ಪಿನಂಗಡಿ ಕಡೆಯ ಒಬ್ಬರು ಇದ್ದಾರಂತೆ, ಅವರ ಫೋನ್ ನಂಬರಿಗಾಗಿ ಕೇಳುತ್ತಿದ್ದಾನೆ. ಇನ್ನೂ ಸಿಕ್ಕಿಲ್ಲ, ಅವನೂ ಇನ್ನೂ ಹಣ ಕಟ್ಟಿಲ್ಲ.